ಒಂದು ದ್ವೀಪ, ಹಲವು ನುಡಿ: ಶ್ರೀರಂಗಪಟ್ಟಣದ ಜನ ಎಲ್ಲಿಯವರು?



ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆ ಕಳಿಸಿದ್ದ. "ಸಾರ್, ನಮ್ಮ ವರ್ತೂರಿನ ಮೂಲ ಜನ ಯಾರು? ಅಪಾರ್ಟ್‌ಮೆಂಟಿನವರು ನಮ್ಮನ್ನು ಲೋಕಲ್ ಎನ್ನುತ್ತಾರೆ. ನಮ್ಮ ತಾತ ನೋಡಿದರೆ ನಮ್ಮ ಮನೆತನ ತೆಲುಗು ಸೀಮೆಯಿಂದ ಬಂದದ್ದು ಎನ್ನುತ್ತಿದ್ದರು. ಹಾಗಾದರೆ ನಾವು ಯಾರು?" ಸಣ್ಣ ಪ್ರಶ್ನೆಯಂತೆ ಕಂಡರೂ ಇದು ಸಣ್ಣದಲ್ಲ. ಇತಿಹಾಸವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಬಾರದು.

ಸುತ್ತಲೂ ಬಯಲಿರುವ ಊರಿನಲ್ಲಿ ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಗುರುತಿಸುವುದು ಕಷ್ಟ. ಸುತ್ತ ನೀರಿರುವ ಊರಾದರೆ ಅದು ಸ್ವಲ್ಪ ಸುಲಭ. ಬಂದವರು ಹೊಳೆ ದಾಟಿಯೇ ಬರಬೇಕು, ಹೋದವರು ಹೊಳೆ ದಾಟಿಯೇ ಹೋಗಬೇಕು. ಮಾತ್ರವಲ್ಲ, ಅದು ರಾಜಧಾನಿಯೂ ಆಗಿದ್ದರೆ ಲೆಕ್ಕವಿಡುವವರೂ ಇರುತ್ತಾರೆ. ಅಂಥ ಒಂದು ಚಿಕ್ಕ ದ್ವೀಪ ನಮ್ಮ ನಾಡಿನಲ್ಲಿಯೇ ಉಂಟು. ನಾವೆಲ್ಲರೂ ಶಾಲಾ ಪ್ರವಾಸದಲ್ಲಿ ನೋಡಿ ಬಂದ ಶ್ರೀರಂಗಪಟ್ಟಣ. ಆ ದ್ವೀಪದ ಜನರು, ಅವರ ಮೂಲ, ಅವರ ಮಾತು, ಇವುಗಳನ್ನು ವಿಚಾರಿಸಿದರೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೂ ಒಂದು ದಾರಿ ಸಿಕ್ಕೀತು.

ನೀರಿನ ನಡುವಿನ ನೆಲ

ಕಾವೇರಿ ನದಿಯು ಇಲ್ಲಿ ಪಶ್ಚಿಮದಲ್ಲಿ ಎರಡಾಗಿ ಒಡೆದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲದ ಉದ್ದ ಸುಮಾರು 5 ಕಿಲೋಮೀಟರು, ಅಗಲ ಒಂದೂವರೆ ಕಿಲೋಮೀಟರು. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ಕಡೆಗೆ ಗಂಜಾಂ. ಕಾವೇರಿಯ ದ್ವೀಪಗಳಲ್ಲಿ ಮೂರು ರಂಗನಾಥರು ಪ್ರಸಿದ್ಧ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಊರಿಗೆ ಹೆಸರು ಬಂದದ್ದು ಈ ದೇವರಿಂದಲೇ. ಸುತ್ತಲ ಹಳ್ಳಿಯವರಿಗೆ ಮಾತ್ರ ಅದು ಬರಿಯ 'ಪಟ್ಣ'.

ಗಂಗರ ಕಾಲದಲ್ಲಿ, ಕ್ರಿ.ಶ. 894ರಲ್ಲಿ, ತಿರುಮಲಯ್ಯ ಎಂಬ ಅಧಿಕಾರಿ ಇಲ್ಲಿ ದೇವಾಲಯ ಕಟ್ಟಿಸಿದನೆಂದು ಗ್ಯಾಸೆಟಿಯರುಗಳು ಹೇಳುತ್ತವೆ. ಅದಕ್ಕೂ ಮೊದಲು ಮೀನು ಹಿಡಿಯುವವರೋ ದನ ಕಾಯುವವರೋ ಇಲ್ಲಿ ವಾಸವಿದ್ದಿರಲೂಬಹುದು. ಆದರೆ ಶಾಸನ ಹಾಕಿಸುವಷ್ಟು ಶಕ್ತಿ ಬಡವರಿಗೆ ಯಾವ ಕಾಲದಲ್ಲಿಯೂ ಇರಲಿಲ್ಲವಷ್ಟೆ. ಆದುದರಿಂದ 'ಮೊದಲಿಗರು' ಎಂದು ನಾವು ಯಾರನ್ನು ಹೇಳುತ್ತೇವೆಯೋ ಅವರು ಬಹುಮಟ್ಟಿಗೆ ಮೊದಲು ಬರೆಸಿಟ್ಟವರು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಮುಂದೆ ಹೋಗೋಣ.

ತಮಿಳಿನಿಂದ ಬಂದ ಹೆಬ್ಬಾರರು

ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಚೋಳ ಸೀಮೆಯನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದರು. ವಿಷ್ಣುವರ್ಧನನು ಕಾವೇರಿಯ ಎರಡೂ ದಡಗಳ ಅಷ್ಟಗ್ರಾಮವನ್ನು ಅವರಿಗೆ ಬಿಟ್ಟುಕೊಟ್ಟನೆಂದೂ, ಅದನ್ನು ನೋಡಿಕೊಳ್ಳಲು ಆಚಾರ್ಯರು ಪ್ರಭುಗಳು, ಹೆಬ್ಬಾರರು ಎಂಬ ಹೆಸರಿನಲ್ಲಿ ತಮ್ಮವರನ್ನು ನೇಮಿಸಿದರೆಂದೂ ಪರಂಪರೆಯ ಮಾತು. ಇಂದಿನ ಹೆಬ್ಬಾರ್ ಅಯ್ಯಂಗಾರರ ಹೆಸರಿನಲ್ಲಿ ಆ ನೆನಪು ಇನ್ನೂ ಇದೆ.

ಈ ಮನೆತನಗಳ ಮಾತು ಬಹಳ ಕುತೂಹಲಕಾರಿಯಾದುದು. ಮೂಲ ತಮಿಳಾದರೂ ಶತಮಾನಗಳ ಕಾಲ ಕನ್ನಡದ ನಡುವೆ ಬಾಳಿ, ಚೆನ್ನೈಯವರಿಗೆ ಪೂರ್ತಿ ತಮಿಳೆನಿಸದ, ನಮಗೆ ಪೂರ್ತಿ ಕನ್ನಡವೆನಿಸದ ಒಂದು ಮನೆಮಾತಾಗಿ ನಿಂತಿದೆ. ಗುಡಿಯಲ್ಲಿ ಆಳ್ವಾರರ ತಮಿಳು ಪ್ರಬಂಧ, ಜಗಲಿಯಲ್ಲಿ ಈ ಬೆರಕೆ ಮಾತು, ಬೀದಿಯಲ್ಲಿ ಕನ್ನಡ. ಒಂದೇ ಮನೆಯವರು ದಿನಕ್ಕೆ ಮೂರು ನುಡಿಯ ಹೊಸ್ತಿಲು ದಾಟುತ್ತಿದ್ದರು. ಇದು ಎಂಟುನೂರಕ್ಕೂ ಹೆಚ್ಚು ವರ್ಷಗಳ ಕಥೆ. ಇವರನ್ನು ಇಂದು ಹೊರಗಿನವರು ಎನ್ನಲು ಯಾರಿಗೆ ಬಾಯಿ ಬಂದೀತು?

ಇದೇ ಪರಂಪರೆಯ ನಾಗಮಂಗಲದ ತಿಮ್ಮಣ್ಣ ಹೆಬ್ಬಾರನು 1454ರಲ್ಲಿ ವಿಜಯನಗರದ ಅರಸರಿಂದ ಅಪ್ಪಣೆ ಪಡೆದು ದ್ವೀಪದಲ್ಲಿ ಕೋಟೆ ಕಟ್ಟಿಸಿದ. ಕೋಟೆ ಬಂದ ಮೇಲೆ ದೇವರ ಊರು ದಂಡಿನ ಊರಾಯಿತು.

ಅರಸರ ಮೂಲವೂ ಬೇರೆಡೆಯದೇ

ವಿಜಯನಗರದ ಕೊನೆಯ ಕಾಲದಲ್ಲಿ ಇಲ್ಲಿಂದ ಆಳಿದ ಪ್ರತಿನಿಧಿಗಳು ಅರವೀಡು ವಂಶದವರು. ಅವರ ಆಸ್ಥಾನಕ್ಕೆ ಪ್ರಿಯವಾದ ನುಡಿ ತೆಲುಗು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ತಲಕಾಡಿನ ಅಲಮೇಲಮ್ಮನ ಶಾಪದ ಕಥೆ ಹುಟ್ಟಿಕೊಂಡದ್ದು ಈ ಸಂದರ್ಭದಲ್ಲಿ. ಮೈಸೂರು ಒಡೆಯರ ವಂಶಕಥನವಾದರೂ ಏನು ಹೇಳುತ್ತದೆ? 1399ರಲ್ಲಿ ಯದುರಾಯ, ಕೃಷ್ಣರಾಯರೆಂಬ ಅಣ್ಣತಮ್ಮಂದಿರು ದ್ವಾರಕೆಯಿಂದ ಬಂದರೆಂದು. ಅದು ಚರಿತ್ರೆಯೋ ಕಥೆಯೋ ಎಂಬ ವಾದ ಬೇರೆ. ಗಮನಿಸಬೇಕಾದುದು ಇಷ್ಟು: ಈ ನಾಡನ್ನು ಶತಮಾನಗಳ ಕಾಲ ಆಳಿದ ಮನೆತನವೇ ತನ್ನ ಮೂಲವನ್ನು ದೂರದ ಗುಜರಾತಿಗೆ ಕಟ್ಟಿಕೊಂಡಿತು, ಅದರಿಂದ ಅದಕ್ಕೆ ಯಾವ ಕುಂದೂ ಬರಲಿಲ್ಲ.

ಒಡೆಯರ ಆಸ್ಥಾನವು ಕನ್ನಡವನ್ನು ಬೆಳೆಸಿದ ರೀತಿ ಮಾತ್ರ ಹೆಮ್ಮೆ ಪಡುವಂಥದು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಇದೇ ದ್ವೀಪದಲ್ಲಿ ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಸಿಂಗರಾರ್ಯರು ಕೃತಿ ರಚಿಸಿದರು. ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ' ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ. ತಿರುಮಲಾರ್ಯ, ಸಿಂಗರಾರ್ಯರು ಶ್ರೀವೈಷ್ಣವ ಮನೆತನದವರು ಎಂಬುದನ್ನು ಮರೆಯಬೇಡಿ. ತಮಿಳು ಪ್ರಬಂಧ ಕೇಳಿ ಬೆಳೆದ ಮನೆಯವರೇ ಕನ್ನಡಕ್ಕೆ ಮೊದಲ ನಾಟಕ ಕೊಟ್ಟರು.

1761ರ ಹೊತ್ತಿಗೆ ಅಧಿಕಾರ ಹೈದರಾಲಿಯ ಕೈಗೆ ಬಂತು. ಅವನು ಹುಟ್ಟಿದ್ದು ನಮ್ಮ ಪಕ್ಕದ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಹೈದರನಿಗೆ ಓದುಬರಹ ಬಾರದಿದ್ದರೂ ದಖನಿ, ಕನ್ನಡ, ತೆಲುಗು, ಮರಾಠಿ, ತಮಿಳು ಎಂಬ ಐದು ಭಾಷೆಗಳಲ್ಲಿ ಮಾತನಾಡಬಲ್ಲವನಾಗಿದ್ದನೆಂದು ಪ್ರತೀತಿ. ಐದು ಭಾಷೆಯ ಜನ ತನ್ನ ದಂಡಿನಲ್ಲಿದ್ದಾಗ ದೊರೆಗೆ ಅದು ಅಲಂಕಾರವಲ್ಲ, ಅಗತ್ಯ. ಟಿಪ್ಪುವಿನ ಕಾಲದಲ್ಲಿ ಆಡಳಿತದ ಮೇಲ್ಮಟ್ಟಕ್ಕೆ ಪಾರಸಿ ಬಂತು. ದಿವಾನ್ ಪೂರ್ಣಯ್ಯನವರೋ ಕೊಯಮತ್ತೂರಿನ ಕಡೆಯಿಂದ ಬಂದ, ಮರಾಠಿ ಮನೆಮಾತಿನ ದೇಶಸ್ಥ ಮಾಧ್ವರು.

ಕರೆತಂದವರು, ಎಳೆತಂದವರು

ಇನ್ನು ಸಾಮಾನ್ಯ ಜನರ ವಿಚಾರ. ದ್ವೀಪದ ಪೂರ್ವಭಾಗದಲ್ಲಿ ಟಿಪ್ಪು ಶಹರ್ ಗಂಜಾಂ ಎಂಬ ಪೇಟೆಯನ್ನು ಬೆಳೆಸಿದ. ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತರಲಾಯಿತೆಂದು ಗ್ಯಾಸೆಟಿಯರುಗಳಲ್ಲಿ ದಾಖಲೆಯಿದೆ. ಮೊಗಲರ ಕಾಲದಲ್ಲಿ ಸುಬೆಯ ರಾಜಧಾನಿಯಾಗಿ ಮೆರೆದಿದ್ದ ಶಿರಾ ಇದರಿಂದ ಬಡವಾಯಿತು. ಒಂದು ಊರು ತುಂಬಬೇಕಾದರೆ ಇನ್ನೊಂದು ಊರು ಬರಿದಾಗಬೇಕಾಯಿತು.

ಇವರಿಗಿಂತ ದುಃಖದ ಕಥೆ ಸೆರೆಯಾಳುಗಳದು. 1780ರ ಪೊಳ್ಳಿಲೂರು ಕದನದಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಸಿಪಾಯಿಗಳು ಇಲ್ಲಿನ ಸೆರೆಯಲ್ಲಿ ಕೊಳೆತರು. ಅವರ ನಾಯಕ ಕರ್ನಲ್ ಬೇಲಿ 1782ರಲ್ಲಿ ಇಲ್ಲಿಯೇ ಸತ್ತ. 1784ರಲ್ಲಿ ಕರಾವಳಿಯಿಂದ ಕೊಂಕಣಿ ಮಾತಿನ ಕ್ರೈಸ್ತರನ್ನು ಘಟ್ಟ ಹತ್ತಿಸಿ ತಂದರು. ಮರುವರ್ಷಗಳಲ್ಲಿ ಕೊಡವರು ಬಂದರು, ಮಲಬಾರಿನ ನಾಯರರು ಬಂದರು. ಅವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವರು ಬಂದದ್ದು ಸ್ವಂತ ಇಚ್ಛೆಯಿಂದಲ್ಲ ಎಂಬುದರಲ್ಲಿ ಅನುಮಾನವಿಲ್ಲ. 1792ರ ಮುತ್ತಿಗೆಯ ಗದ್ದಲದಲ್ಲಿ ಕೊಡವರು ಬಹಳ ಮಂದಿ ತಪ್ಪಿಸಿಕೊಂಡು ತಮ್ಮ ನಾಡು ಸೇರಿದರು. ಕ್ರೈಸ್ತರಲ್ಲಿ ಬದುಕುಳಿದವರು 1799ರ ನಂತರ ಕರಾವಳಿಗೆ ಹಿಂದಿರುಗಿದರು, ಕೆಲವರು ಮೈಸೂರು ಸೀಮೆಯಲ್ಲಿಯೇ ನೆಲೆಗೊಂಡರು. ಅಂಥವರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಹೆಸರಿನ ಚರ್ಚು ಇಂದಿಗೂ ಗಂಜಾಂನಲ್ಲಿದೆ. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದವರು ಅವರೇ.

ಸಂಬಳಕ್ಕಾಗಿ ಬಂದವರೂ ಇದ್ದರು. ಫ್ರೆಂಚ್ ಸೈನಿಕರು 1797ರಲ್ಲಿ ಇಲ್ಲಿ ತಮ್ಮ ಕ್ರಾಂತಿಯ ಕ್ಲಬ್ಬೊಂದನ್ನು ಮಾಡಿಕೊಂಡು, ಸ್ವಾತಂತ್ರ್ಯದ ವೃಕ್ಷವನ್ನು ನೆಟ್ಟರೆಂದು ಇಂಗ್ಲಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಮರುವರ್ಷ ಮಾರಿಷಸ್ ದ್ವೀಪದಿಂದ ನೂರರ ಆಸುಪಾಸಿನ ಸ್ವಯಂಸೇವಕರು ಬಂದರು. ಎದುರು ಪಕ್ಷದಲ್ಲಿ 1799ರ ಮೇ 4ರಂದು ಕೋಟೆಯ ಮೇಲೆ ಏರಿ ಬಂದವರಲ್ಲಿ ಸ್ಕಾಟ್ಲೆಂಡಿನವರು, ಮದರಾಸಿನ ಸಿಪಾಯಿಗಳು, ಅಲ್ಲದೆ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆಯವರೂ ಇದ್ದರು. ಈ ಸ್ವಿಸ್ ಪಡೆ ಮೊದಲು ಸಿಂಹಳದಲ್ಲಿ ಡಚ್ಚರ ಚಾಕರಿಯಲ್ಲಿತ್ತು, 1795ರಲ್ಲಿ ಇಂಗ್ಲಿಷರ ಕಡೆ ಸೇರಿತು. ಊರಾಚೆಯ ಗ್ಯಾರಿಸನ್ ಸಮಾಧಿಭೂಮಿಯಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಹಿಮದ ನಾಡಿನಲ್ಲಿ ಹುಟ್ಟಿದ ಎಷ್ಟೋ ತರುಣರು ಕಾವೇರಿಯ ದಡದಲ್ಲಿ ಜ್ವರದಿಂದ ಸತ್ತು ಅಲ್ಲಿ ಮಲಗಿದ್ದಾರೆ.

ಟಿಪ್ಪು ಮಡಿದ ಮೇಲೆ ಅವನ ಮಕ್ಕಳನ್ನು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ದೊರೆಯ ಸಂತತಿ ಬಂಗಾಳಿ ಸೀಮೆಯಲ್ಲಿ ಬೆಳೆಯಿತು. ಅವನ ದಂಡಿನ ಹೆಸರಿಲ್ಲದ ಸಿಪಾಯಿಗಳ ಸಂತತಿ ಮಾತ್ರ ನಮ್ಮ ನಡುವೆ ಉಳಿಯಿತು. ಬಂದವರಷ್ಟೇ ಅಲ್ಲ, ಹೋದವರೂ ಸೇರಿಯೇ ಒಂದು ಊರಿನ ವಂಶವೃಕ್ಷ.

ಎಣಿಕೆಯ ಪಾಠ

ಈಗ ಸ್ವಲ್ಪ ಗಣಿತ ಮಾಡೋಣ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ. ಕೋಟೆಯೊಳಗೆ 4,163 ಮನೆಗಳು, 5,499 ಕುಟುಂಬಗಳು. ಗಂಜಾಂನಲ್ಲಿ 2,216 ಮನೆಗಳು, 3,335 ಕುಟುಂಬಗಳು. ಮನೆಯೊಂದಕ್ಕೆ ಐದು ಜನರಂತೆ ಗುಣಿಸಿ ಅವನು ದ್ವೀಪದ ಜನಸಂಖ್ಯೆ 31,895 ಎಂದ. ಟಿಪ್ಪುವಿನ ಕಾಲದಲ್ಲಿ ಅದು 1,50,000 ಇದ್ದಿರಬೇಕೆಂದು ಅವನ ಅಂದಾಜು.

ಶಿರಾದಿಂದ ಬಂದವು 12,000 ಕುಟುಂಬಗಳು. 1800ರಲ್ಲಿ ಇಡೀ ಗಂಜಾಂನಲ್ಲಿ ಇದ್ದದ್ದು 3,335. ಹಾಗಾದರೆ ಮಿಕ್ಕವರು ಏನಾದರು? ಒಂದೋ ಮೊದಲ ಸಂಖ್ಯೆ ದೊಡ್ಡದಾಗಿ ಹೇಳಿದ್ದು, ಇಲ್ಲವೇ ದೊರೆ ಬಿದ್ದ ಕೂಡಲೇ ಜನ ಗಂಟುಮೂಟೆ ಕಟ್ಟಿದರು. ಎರಡೂ ಸ್ವಲ್ಪ ಸ್ವಲ್ಪ ನಿಜವೆಂದು ನನಗೆ ತೋರುತ್ತದೆ. ಏಳೂವರೆ ಚದರ ಕಿಲೋಮೀಟರಿಗೆ ಮೀರದ ನೆಲದಲ್ಲಿ ಒಂದೂವರೆ ಲಕ್ಷ ಜನರೆಂದರೆ ಚದರ ಕಿಲೋಮೀಟರಿಗೆ 20,000. ಬಹುಮಹಡಿ ಕಟ್ಟಡಗಳಿಲ್ಲದ ಕಾಲದಲ್ಲಿ ಇದು ನಂಬಲು ಕಷ್ಟವಾದ ದಟ್ಟಣೆ. ದಂಡು ಬೀಡುಬಿಟ್ಟಾಗಿನ ಜನರನ್ನೂ ಸೇರಿಸಿದ ಅಂದಾಜು ಇದಾಗಿರಬೇಕು.

ಅಲ್ಲಿಂದ ಇಳಿಮುಖ. 1852ರಲ್ಲಿ 12,744. 1871ರಲ್ಲಿ 10,594. 1901ರಲ್ಲಿ 8,584. ನೂರು ವರ್ಷಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಕರಗಿದರು. ರಾಜಧಾನಿ ಮೈಸೂರಿಗೆ ಹೋಯಿತು. ಚಳಿಜ್ವರದ ಕಾಟಕ್ಕೆ ದಂಡು ಬೆಂಗಳೂರಿಗೆ ಹೋಯಿತು. ಶತಮಾನದ ಕೊನೆಯಲ್ಲಿ ಪ್ಲೇಗು ಬಂತು. ಕೃಷ್ಣರಾಜಸಾಗರ, ನಾಲೆ, ಕಬ್ಬು, ರಸ್ತೆ, ಪ್ರವಾಸಿಗಳು ಇವೆಲ್ಲ ಸೇರಿ ಮತ್ತೆ ಊರು ತುಂಬಿತು. 2001ರ ಜನಗಣತಿಯಲ್ಲಿ 23,448. ಬುಕಾನನ್ ಎಣಿಸಿದ ಸಂಖ್ಯೆಯನ್ನು ಇನ್ನೂರು ವರ್ಷಗಳಾದರೂ ಅದು ಮುಟ್ಟಿರಲಿಲ್ಲ.

ದ್ವೀಪಕ್ಕೆ ಬದಲಾಗಿ ದಂಡು

ನಮ್ಮ ಬೆಂಗಳೂರಿನವರು ಬಹುಮಂದಿ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1799ರ ನಂತರ ದ್ವೀಪವು ಇಂಗ್ಲಿಷರ ಸ್ವಂತ ಆಸ್ತಿಯಾಯಿತು. ಮೈಸೂರು ಸರ್ಕಾರ ಅದನ್ನು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕೊಟ್ಟು ಇಟ್ಟುಕೊಂಡಿತ್ತು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಇಂಗ್ಲಿಷರು ದ್ವೀಪವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ಆಡಳಿತದಲ್ಲಿ ಇರಿಸಿಕೊಂಡರು. ಅದು 1947ರವರೆಗೂ ಹಾಗೆಯೇ ಉಳಿಯಿತು. ಶಿವಾಜಿನಗರ, ಹಲಸೂರು ಕಡೆಯ ತಮಿಳು, ಉರ್ದು, ಇಂಗ್ಲಿಷು ಕೇಳಿದಾಗಲೆಲ್ಲ ನನಗೆ ಈ ವಿನಿಮಯ ನೆನಪಾಗುತ್ತದೆ. ಮರುವರ್ಷವೇ, 1882ರಲ್ಲಿ, ಅದೇ ಮಹಾರಾಜರು ಕೊಟ್ಟ ನೆಲದಲ್ಲಿ ಡಿ.ಎಸ್. ವೈಟ್ ಅವರ ನೇತೃತ್ವದಲ್ಲಿ ಆಂಗ್ಲೋ ಇಂಡಿಯನ್ನರ ವೈಟ್‌ಫೀಲ್ಡ್ ಹುಟ್ಟಿತು. ಸುತ್ತ ಕನ್ನಡ, ತೆಲುಗು ಹಳ್ಳಿಗಳು, ನಡುವೆ ಇಂಗ್ಲಿಷ್ ಮನೆಮಾತಿನ ಒಂದು ಪುಟ್ಟ ದ್ವೀಪ.

ಹೋದ ಭಾಷೆಗಳು, ಉಳಿದ ಭಾಷೆ

ಶ್ರೀರಂಗಪಟ್ಟಣದಲ್ಲಿ ಗುಡಿಯ ನುಡಿಯಾಗಿ ತಮಿಳು, ಆಸ್ಥಾನದ ನುಡಿಯಾಗಿ ತೆಲುಗು, ಲೆಕ್ಕದ ನುಡಿಯಾಗಿ ಮರಾಠಿ, ಅಧಿಕಾರದ ನುಡಿಯಾಗಿ ಪಾರಸಿ, ಬಳಿಕ ಇಂಗ್ಲಿಷು, ಒಂದರ ಹಿಂದೆ ಒಂದು ಬಂದವು. ನಾನೂರು ವರ್ಷಗಳಲ್ಲಿ ಕನ್ನಡ ಸಿಂಹಾಸನದ ಹತ್ತಿರ ಕುಳಿತದ್ದು ಕೆಲವೇ ಕಾಲ. ಆದರೂ ಇಂದು ಆ ದ್ವೀಪದ ಸಂತೆಯಲ್ಲಿ ಯಾರ ಜೊತೆಯಾದರೂ ಮಾತನಾಡಿ, ಉತ್ತರ ಕನ್ನಡದಲ್ಲಿ ಬರುತ್ತದೆ. ದಖನಿ ಉರ್ದು ಮನೆಗಳಲ್ಲಿ ಉಳಿದಿದೆ, ಅಯ್ಯಂಗಾರರ ಮನೆಮಾತು ಹಿರಿಯರಲ್ಲಿ ಉಳಿದಿದೆ. ಬೀದಿ ಮಾತ್ರ ಕನ್ನಡದ್ದು.

ಇದು ಹೇಗಾಯಿತು? ಯಾವ ಅರಸನ ಆಜ್ಞೆಯಿಂದಲೂ ಅಲ್ಲ. ದ್ವೀಪದ ಒಳಗೆ ಎಷ್ಟು ನುಡಿಗಳಿದ್ದರೂ ಹೊಳೆಯ ಆಚೆ ದಡದಲ್ಲಿ, ನಾಲ್ಕೂ ಕಡೆ, ಕನ್ನಡದ ಹಳ್ಳಿಗಳಿದ್ದವು. ದ್ವೀಪಕ್ಕೆ ಬೇಕಾದ ಅಕ್ಕಿ, ರಾಗಿ, ಹಾಲು, ಸೌದೆ ಎಲ್ಲ ಅಲ್ಲಿಂದಲೇ ಬರಬೇಕು. ಪಾರಸಿ ಬಲ್ಲ ಮುನ್ಷಿಗೂ ಹಾಲು ಕೊಳ್ಳುವಾಗ ಗೌಡಿತಿಯ ಕನ್ನಡ ಬೇಕಿತ್ತು. ಅಧಿಕಾರದ ಭಾಷೆ ಅಧಿಕಾರದ ಜೊತೆ ಗಂಟು ಕಟ್ಟಿತು, ಅನ್ನದ ಭಾಷೆ ಉಳಿಯಿತು. ಹೋದ ಭಾಷೆಗಳು ಬರಿಗೈಯಲ್ಲಿ ಹೋಗಲಿಲ್ಲ, ನಮ್ಮನ್ನೂ ಬರಿಗೈಯಲ್ಲಿ ಬಿಡಲಿಲ್ಲ. ಸರ್ಕಾರ, ಜಮೀನು, ಅರ್ಜಿ, ಕಚೇರಿ, ತಾಲ್ಲೂಕು, ವಸೂಲಿ, ರಶೀದಿ, ಇವೆಲ್ಲ ಪಾರಸಿಯ ದಾರಿಯಿಂದ ಬಂದು ನಮ್ಮವಾದ ಮಾತುಗಳು. ವರ್ತೂರಿನಲ್ಲಿ ಜಮೀನು ಮಾರಿದ ಯಾರೂ ಇವನ್ನು ಬಿಟ್ಟು ಒಂದು ದಿನವೂ ವ್ಯವಹರಿಸಲಾರರು!

ನಮ್ಮ ಊರಿಗೆ ಬಂದರೆ

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ವರ್ತೂರಿನ ಕೇರಿಗಳಲ್ಲಿ ತೆಲುಗು ಮನೆಮಾತಿನವರಿದ್ದಾರೆ, ತಮಿಳಿನವರಿದ್ದಾರೆ, ಉರ್ದುವಿನವರಿದ್ದಾರೆ, ಕನ್ನಡದವರಂತೂ ಸರಿಯೇ ಸರಿ. ಮನೆಯಲ್ಲಿ ತೆಲುಗು ಆಡಿ, ನನ್ನ ತರಗತಿಯಲ್ಲಿ ಹಳಗನ್ನಡದ ಪದ್ಯವನ್ನು ತಪ್ಪಿಲ್ಲದೆ ಓದಿದ ಮಕ್ಕಳು ನೀವೇ ಎಷ್ಟು ಮಂದಿ! ನಿಮ್ಮನ್ನು ಲೋಕಲ್ ಮಾಡಿದ್ದು ರಕ್ತವಲ್ಲ. ಕೆರೆಯ ಕೆಳಗಿನ ಗದ್ದೆ, ಸಂತೆ, ಶಾಲೆ, ಜಾತ್ರೆ, ನೆರೆಮನೆಯ ಸಾವುನೋವು, ಇವುಗಳಲ್ಲಿ ಪಾಲುಗೊಂಡದ್ದು. ಆ ಅರ್ಥದಲ್ಲಿ ಪಟ್ಟಣದ ಹೆಬ್ಬಾರರೂ, ಶಿರಾದಿಂದ ಬಂದವರ ಮೊಮ್ಮಕ್ಕಳೂ ಮೂಲ ನಿವಾಸಿಗಳೇ. ನಿನ್ನೆ ಮೊನ್ನೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಕಟ್ಟಡದ ಕೆಲಸ ಮಾಡುತ್ತಿರುವವನ ಮಗು ನಾಳೆ ಹಾಗೆ ಆಗಬಾರದೆಂದು ಹೇಳಲು ಇತಿಹಾಸದಲ್ಲಿ ನನಗೆ ಯಾವ ಆಧಾರವೂ ಸಿಗಲಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ಶ್ರೀರಂಗಪಟ್ಟಣದಲ್ಲಿ ಕನ್ನಡವನ್ನು ಕಾಪಾಡಿದ್ದು ಹೊಳೆಯಾಚೆಯ ಹಳ್ಳಿಗಳು. ನಮ್ಮಲ್ಲಿ ಕರಗುತ್ತಿರುವುದೇ ಆ ಹಳ್ಳಿಗಳು. ಗದ್ದೆ ಬಡಾವಣೆಯಾಯಿತು, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ತರಕಾರಿ ಮೊಬೈಲಿನಲ್ಲಿ ಬರುತ್ತದೆ. ಹೊಸದಾಗಿ ಬಂದವನಿಗೆ ಕನ್ನಡದ ಅಗತ್ಯ ಬೀಳುವ ಜಾಗವೇ ಕಡಿಮೆಯಾಗುತ್ತಿದೆ. ಅವನನ್ನು ಬೈಯುವುದರಿಂದ ಈ ಕೊರತೆ ತುಂಬದು. ಮಾತಿಗೆ ಅವಕಾಶ ಕೊಡುವುದರಿಂದ ತುಂಬೀತು. ಅಂಗಡಿಯಲ್ಲಿ, ಆಟದ ಮೈದಾನದಲ್ಲಿ, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮೊದಲ ಮಾತನ್ನು ಕನ್ನಡದಲ್ಲಿ ಆಡಿ, ಎದುರಿನವರು ತಡವರಿಸಿದರೆ ನಗದೆ ಕಾಯಿರಿ. ಗೌಡಿತಿ ಹಾಲು ಮಾರುತ್ತ ಮುನ್ಷಿಗೆ ಕಲಿಸಿದ್ದೂ ಹೀಗೆಯೇ ಇರಬೇಕು.

ನಿಮ್ಮ ಮೇಷ್ಟರಾಗಿ ಒಂದು ಮನೆಪಾಠ ಕೊಡದೆ ಮುಗಿಸಲಾರೆ. ನಿಮ್ಮ ತಂದೆಯ ತಂದೆ, ತಂದೆಯ ತಾಯಿ, ತಾಯಿಯ ತಂದೆ, ತಾಯಿಯ ತಾಯಿ, ಈ ನಾಲ್ವರು ಹುಟ್ಟಿದ ಊರು, ಮನೆಯಲ್ಲಿ ಆಡಿದ ಮಾತು, ಈ ಕಡೆ ಬಂದ ಕಾರಣ ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ. ಬುಕಾನನ್ ಮನೆಗಳನ್ನು ಎಣಿಸಿದ, ಮನೆಯೊಳಗಿನ ಅಜ್ಜಿ ಯಾವ ನುಡಿಯಲ್ಲಿ ಜೋಗುಳ ಹಾಡುತ್ತಿದ್ದಳೆಂಬುದು ಅವನ ಲೆಕ್ಕಕ್ಕೆ ಬರಲಿಲ್ಲ. ಅದನ್ನು ಬರೆದಿಡಬಲ್ಲವರು ನೀವು ಮಾತ್ರ. ಬರೆದವರು ನನಗೂ ಒಂದು ಪ್ರತಿ ಕಳಿಸಿದರೆ ಸಂತೋಷ. ಕೆಂಪು ಶಾಯಿಯ ಪೆನ್ನು ಈಗ ನನ್ನ ಬಳಿ ಇಲ್ಲ, ಹೆದರಬೇಡಿ.